ಅರಣ್ಯ ರೈಲುಮಾರ್ಗಗಳು ಮತ್ತು ಅವುಗಳ ಯಂತ್ರಸಾಮಗ್ರಿ: ಅಮೆರಿಕದ ಚರಿತ್ರೆಯ ಒಂದು ಅಧ್ಯಾಯ

ರೈಲುಮಾರ್ಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಗರಗಳನ್ನು ಜೋಡಿಸಿದ ಪ್ರಧಾನ ಮಾರ್ಗಗಳನ್ನೇ ಲಕ್ಷಿಸುತ್ತಾರೆ. ಕೆಲವೇ ಕಾಲ ಬಾಳಿ, ಕಾಡು ಕಡಿದು ಮುಗಿದೊಡನೆ ಕಿತ್ತುಹಾಕಲ್ಪಟ್ಟ ಹಾದಿಗಳು ಅವರ ದೃಷ್ಟಿಗೆ ಬೀಳುವುದು ಅಪೂರ್ವ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಪಾದದಿಂದ ಮುಂದಕ್ಕೆ, ವಿಶಾಲವಾದ ಅರಣ್ಯಪ್ರದೇಶಗಳು ಬರಿದಾದುದು ಇಂಥ ಹಾದಿಗಳ ಮೂಲಕವೇ. ಅವುಗಳಿಗಾಗಿ ನಿರ್ಮಿತವಾದ ಯಂತ್ರಗಳ ರಚನೆಯನ್ನೂ ಅವುಗಳಿಂದ ಒದಗಿದ ಪರಿಣಾಮವನ್ನೂ ಈ ಲೇಖನದಲ್ಲಿ ಒಟ್ಟಿಗೆ ಪರಿಶೀಲಿಸುತ್ತೇವೆ.

ಮಿಷಿಗನ್ ಸಂಸ್ಥಾನದ ಬಿಳಿ ಪೈನ್ ಕಾಡುಗಳಲ್ಲಿ ಮರ ಸಾಗಿಸುವ ಕೆಲಸವು ಮೊದಲು ಋತುಗಳಿಗೆ ಅಧೀನವಾಗಿತ್ತು. ಚಳಿಗಾಲದಲ್ಲಿ ಕಡಿದ ದಿಮ್ಮಿಗಳನ್ನು ಹಿಮದ ಮೇಲೆ ಜಾರುಬಂಡಿಗಳಲ್ಲಿ ಹೊಳೆಯ ದಂಡೆಗೆ ಎಳೆದು ತಂದು, ವಸಂತದಲ್ಲಿ ಹಿಮ ಕರಗಿ ನೀರು ಉಬ್ಬಿದಾಗ ಗರಗಸದ ಕಾರ್ಖಾನೆಗಳ ಕಡೆಗೆ ತೇಲಿಬಿಡುತ್ತಿದ್ದರು. ಹಿಮ ಬೀಳದ ವರ್ಷ ವ್ಯಾಪಾರ ನಿಲ್ಲುತ್ತಿತ್ತು. ಹೊಳೆಗೆ ದೂರವಾದ ಮರ ಮನುಷ್ಯನ ಕೈಗೆ ಎಟುಕುತ್ತಿರಲಿಲ್ಲ. ವಿನ್‌ಫೀಲ್ಡ್ ಸ್ಕಾಟ್ ಗೆರಿಷ್ ಎಂಬ ವ್ಯಾಪಾರಿಯು ಮಸ್ಕೀಗನ್ ನದಿಗೆ ದಿಮ್ಮಿಗಳನ್ನು ಸಾಗಿಸಲು ೧೮೭೭ರಲ್ಲಿ ಉಗಿಯ ರೈಲುಮಾರ್ಗವನ್ನು ತೆರೆದನು. ಆ ಚಳಿಗಾಲದಲ್ಲಿ ಹಿಮ ಕಡಮೆಯಾಗಿ ಇತರರು ಕೈಕಟ್ಟಿ ಕುಳಿತಿರಲು, ಅವನ ಕೆಲಸ ಮಾತ್ರ ಸಾಗಿತು. ಕಾಡಿನಲ್ಲಿ ಕಂಬಿಗಳನ್ನು ಹಾಸಿದವರಲ್ಲಿ ಅವನೇ ಮೊದಲಿಗನಲ್ಲ. ಆದರೆ ಉಳಿದವರು ಅನುಕರಿಸಿದುದು ಅವನನ್ನು. ಈ ಮಾರ್ಗವು ಮೊದಲಿಗೆ ನದಿಗೆ ಪ್ರತಿಸ್ಪರ್ಧಿಯಾಗಿರದೆ ಅದರ ಸಹಾಯಕವಾಗಿತ್ತೆಂಬುದು ಗಮನಾರ್ಹ.

ಸಾಧಾರಣ ರೈಲು ಎಂಜಿನ್ನು ಕಾಡಿಗೆ ಒಗ್ಗುತ್ತಿರಲಿಲ್ಲ. ಅದರ ದೊಡ್ಡ ಚಕ್ರಗಳು ಒಂದೇ ಬಿಗಿಯಾದ ಚೌಕಟ್ಟಿಗೆ ಸೇರಿದ್ದುದರಿಂದ ಕಡಿದಾದ ತಿರುವುಗಳಲ್ಲಿ ಹಳಿ ತಪ್ಪುತ್ತಿತ್ತು. ತೋಳುಗಳ ಹೊಡೆತಕ್ಕೆ ಹಗುರವಾದ ಕಂಬಿಗಳು ಕೆಡುತ್ತಿದ್ದವು. ಕೆಲವೇ ಕಾಲ ಬಳಸಿ ಕಿತ್ತುಬಿಡುವ ಹಾದಿಗೆ ಜಲ್ಲಿ ಹಾಕಿ, ನೆಲ ಸಮಮಾಡಿ, ಹಣ ವ್ಯಯಮಾಡುವವರು ಯಾರು? ಹಾದಿಯನ್ನು ಎಂಜಿನ್ನಿಗೆ ಹೊಂದಿಸಲಾಗದಿದ್ದರೆ ಎಂಜಿನ್ನನ್ನೇ ಹಾದಿಗೆ ಹೊಂದಿಸಬೇಕಾಗಿತ್ತು.

ಇದನ್ನು ಸಾಧಿಸಿದವನು ಕ್ಯಾಡಿಲಾಕ್ ಪಟ್ಟಣದ ಸಮೀಪದಲ್ಲಿ ಮರದ ಉದ್ಯಮ ನಡೆಸುತ್ತಿದ್ದ ಇಫ್ರೇಮ್ ಶೇ (೧೮೩೯–೧೯೧೬). ಅವನ ಕಂಬಿಗಳೂ ಮರದವೇ ಆಗಿದ್ದವು. ಅವನ ಕಲ್ಪನೆಯಂತೆ ಒಹಾಯೊ ಸಂಸ್ಥಾನದ ಲೈಮಾ ಕಾರ್ಖಾನೆಯು ೧೮೮೦ರಲ್ಲಿ ಎಂಜಿನ್ನೊಂದನ್ನು ನಿರ್ಮಿಸಿತು. ೧೮೮೧ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಪ್ರೌಢಾವಸ್ಥೆಗೆ ಬಂದ ಶೇ ಎಂಜಿನ್ನಿನಲ್ಲಿ ಸಿಲಿಂಡರುಗಳು ಬಲಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತವೆ. ಅವುಗಳ ಭಾರವನ್ನು ಸರಿದೂಗಿಸಲು ಕುದಿಪಾತ್ರೆಯನ್ನು ಮಧ್ಯರೇಖೆಯಿಂದ ಎಡಕ್ಕೆ ಸರಿಸಿರುತ್ತಾರೆ. ಸಿಲಿಂಡರುಗಳು ಎಂಜಿನ್ನಿನ ಉದ್ದಕ್ಕೂ ಸಾಗುವ ಒಂದು ದಂಡವನ್ನು ತಿರುಗಿಸುತ್ತವೆ. ದಂಡದ ಹಲ್ಲುಗಾಲಿಗಳು ಪ್ರತಿಯೊಂದು ಅಚ್ಚಿನ ಚಕ್ರವನ್ನೂ ನಡೆಸುತ್ತವೆ. ಬೋಗಿಗಳು ತಿರುವಿಗೆ ತಕ್ಕಂತೆ ಹೊರಳುವಾಗ ದಂಡವು ಮುರಿಯದಿರಲೆಂದು ಅದಕ್ಕೆ ಬಾಗುವ ಕೀಲುಗಳನ್ನೂ ಜಾರುವ ಜೋಡಣೆಗಳನ್ನೂ ಅಳವಡಿಸಿರುತ್ತಾರೆ. ಹೀಗೆ ಎಂಜಿನ್ನಿನ ಭಾರವೆಲ್ಲವೂ ಎಳೆತಕ್ಕೆ ಒದಗುತ್ತದೆ. ವೇಗ ಅಲ್ಪವಾದರೂ ಎಳೆತ ಸಮನಾಗಿರುತ್ತದೆ. ೧೯೪೫ರವರೆಗೆ ಇಂಥ ಸುಮಾರು ೨,೭೭೦ ಎಂಜಿನ್ನುಗಳು ನಿರ್ಮಿತವಾದವು. ಪೆನ್ಸಿಲ್ವೇನಿಯದ ಕ್ಲೈಮ್ಯಾಕ್ಸ್ ಮತ್ತು ಹೈಸ್ಲರ್ ಎಂಜಿನ್ನುಗಳು ಹಲ್ಲುಗಾಲಿಯ ತತ್ತ್ವವನ್ನೇ ಅನುಸರಿಸಿದವು. ಅವುಗಳ ದಂಡವು ಪಕ್ಕದಲ್ಲಿರದೆ ನಡುವೆ ಇರುತ್ತಿತ್ತು.

ಎಂಜಿನ್ನಿನ ಸುತ್ತ ಇತರ ಸಾಧನಗಳೂ ಬೆಳೆದುವು. ಕೆಲವೆಡೆ ಬಂಡಿಗೆ ಚೌಕಟ್ಟೇ ಇರುತ್ತಿರಲಿಲ್ಲ; ಎರಡು ಬಿಡಿ ಬೋಗಿಗಳ ಮೇಲೆ ಹೇರಿದ ದಿಮ್ಮಿಯೇ ಚೌಕಟ್ಟಾಗುತ್ತಿತ್ತು. ಮಕ್‌ಗಿಫರ್ಟ್ ಎಂಬ ಹೇರುಯಂತ್ರವು ತನ್ನ ಚಕ್ರಗಳನ್ನು ಮೇಲಕ್ಕೆತ್ತಿಕೊಂಡು ಕಾಲೂರಿ ನಿಲ್ಲುತ್ತಿತ್ತು. ಖಾಲಿ ಬಂಡಿಗಳು ಅದರ ಹೊಟ್ಟೆಯ ಕೆಳಗೆ ಹಾದುಹೋಗುತ್ತಿದ್ದವು. ಕ್ಯಾಲಿಫೋರ್ನಿಯದ ಜಾನ್ ಡಾಲ್ಬೀರ್ ೧೮೮೧ರಲ್ಲಿ ರೂಪಿಸಿದ ಉಗಿಯ ರಾಟೆಯು ದಿಮ್ಮಿಗಳನ್ನು ಹಗ್ಗದಿಂದ ಎಳೆಯುವ ಕೆಲಸದಲ್ಲಿ ಎತ್ತುಗಳ ಸ್ಥಾನವನ್ನು ಆಕ್ರಮಿಸಿತು. ಮುಂದೆ ಪೆಸಿಫಿಕ್ ತೀರದಲ್ಲಿ, ತುದಿ ಕತ್ತರಿಸಿದ ಎತ್ತರದ ಮರಕ್ಕೆ ಉಕ್ಕಿನ ಹಗ್ಗಗಳನ್ನು ಕಟ್ಟಿ ದಿಮ್ಮಿಗಳನ್ನು ಎಳೆಯುವ ಪದ್ಧತಿ ಬಳಕೆಗೆ ಬಂದಿತು.

ಈ ಸಾಮಗ್ರಿಯ ಪರಿಣಾಮವು ಕೇವಲ ವೇಗವೃದ್ಧಿಯಲ್ಲ. ಒಂದು ಕವಲುದಾರಿಯನ್ನು ಹಾಸಿದ ಮೇಲೆ ಅದರ ವೆಚ್ಚವು ಮಾಲೀಕನನ್ನು ಕಟ್ಟಿಹಾಕುತ್ತಿತ್ತು. ಬಲಿತ ಮರವನ್ನಷ್ಟೇ ಆರಿಸಿ ಕಡಿದು, ಇಪ್ಪತ್ತು ವರ್ಷಗಳ ಅನಂತರ ಮರಳಿ ಬರುವುದು ಅವನಿಗೆ ಗಿಟ್ಟುತ್ತಿರಲಿಲ್ಲ. ಕಂಬಿ ಇರುವಾಗಲೇ ಎಲ್ಲವನ್ನೂ ಕಡಿಯಬೇಕಾಗಿತ್ತು. ಎಳೆದ ದಿಮ್ಮಿಗಳು ಸಸಿಗಳನ್ನು ಒರಸಿಹಾಕಿದುವು; ಎಂಜಿನ್ನುಗಳ ಕಿಡಿಯು ಒಣಗಿದ ರೆಂಬೆಗಳಿಗೆ ತಗಲಿ ಬೆಂಕಿ ಹಬ್ಬಿತು. ಆದರೆ ಯಂತ್ರವೊಂದೇ ಅಪರಾಧಿಯೆಂದು ನಾವು ಹೇಳಲಾರೆವು. ನಿಂತ ಮರದ ಮೇಲೂ ವರ್ಷವರ್ಷ ತೆರಿಗೆ ಬೀಳುತ್ತಿದ್ದುದರಿಂದ ಬೇಗ ಕಡಿದು ಭೂಮಿಯನ್ನು ತೊರೆಯುವುದೇ ಲಾಭವೆಂದು ಅನೇಕರು ಬಗೆದರು. ಶೇ ಎಂಜಿನ್ನು ಆ ಲೆಕ್ಕಾಚಾರವನ್ನು ಕಾರ್ಯಸಾಧ್ಯವನ್ನಾಗಿ ಮಾಡಿತು.

ನಮ್ಮ ನೆರೆಯಲ್ಲಿಯೂ ಇಂಥ ಉದಾಹರಣೆಯುಂಟು. ಪರಂಬಿಕುಲಂ ಕಾಡಿನ ಮರವನ್ನು ಚಾಲಕುಡಿಗೆ ಸಾಗಿಸಲು ಕೊಚ್ಚಿ ಸಂಸ್ಥಾನವು ೧೯೦೭ರಲ್ಲಿ ತೆರೆದ ಟ್ರಾಮ್‌ಮಾರ್ಗವು ೧೯೬೩ರವರೆಗೆ ಉಳಿಯಿತು. ಅಲ್ಲಿ ಘಟ್ಟದ ಇಳಿಜಾರನ್ನು ಗೆದ್ದುದು ಹಲ್ಲುಗಾಲಿಯಿಂದಲ್ಲ, ಹಗ್ಗದಿಂದ.

ಟ್ರಾಕ್ಟರುಗಳೂ ಲಾರಿಗಳೂ ಬಂದ ಮೇಲೆ ಅಮೆರಿಕದ ಅರಣ್ಯ ರೈಲುಮಾರ್ಗಗಳು ಒಂದೊಂದಾಗಿ ಮುಚ್ಚಿದುವು. ಪಶ್ಚಿಮ ವರ್ಜೀನಿಯದ ಕ್ಯಾಸ್ ಎಂಬಲ್ಲಿನ ಮಾರ್ಗವು ೧೯೬೦ರಲ್ಲಿ ನಿಂತು, ಸಂಸ್ಥಾನದ ಸರ್ಕಾರದ ವಶಕ್ಕೆ ಬಂದು, ೧೯೬೩ರಿಂದ ಪ್ರವಾಸಿಗಳನ್ನು ಒಯ್ಯುತ್ತಿದೆ. ೧೯೪೫ರಲ್ಲಿ ನಿರ್ಮಿತವಾದ ಕೊನೆಯ ಶೇ ಎಂಜಿನ್ನು ಅಲ್ಲಿದೆ. ಶೇ ದುಡಿದ ಕ್ಯಾಡಿಲಾಕ್ ಸೀಮೆಯ ಪಶ್ಚಿಮಕ್ಕಾದರೋ, ಕಡಿದು ತೊರೆದ ಭೂಮಿಗಳನ್ನು ಸೇರಿಸಿ ೧೯೩೮ರಲ್ಲಿ ಮ್ಯಾನಿಸ್ಟೀ ರಾಷ್ಟ್ರೀಯ ಅರಣ್ಯವನ್ನು ಸ್ಥಾಪಿಸಲಾಯಿತು. ಎಂಜಿನ್ನಿನ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಯು ಈ ಎರಡು ಸ್ಥಳಗಳನ್ನೂ ಒಟ್ಟಿಗೆ ನೋಡುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.