ಛಾಯಾಚಿತ್ರಗಳಿಂದ ಹಳೆಯ ವಾಹನಗಳ ಗುರುತಿಸುವಿಕೆ

ಛಾಯಾಚಿತ್ರಗಳಿಂದ ಹಳೆಯ ವಾಹನಗಳ ಗುರುತಿಸುವಿಕೆ ಎಂದರೆ ಚಿತ್ರವೊಂದರಲ್ಲಿ ಕಾಣುವ ಕಾರು, ಲಾರಿ ಅಥವಾ ಬಸ್ಸಿನ ತಯಾರಕರು, ಮಾದರಿ ಮತ್ತು ತಯಾರಿಕೆಯ ವರ್ಷವನ್ನು ಅದರ ಬಾಹ್ಯ ಲಕ್ಷಣಗಳ ಆಧಾರದಿಂದ ನಿರ್ಣಯಿಸುವ ಕ್ರಮ. ಹಳೆಯ ವಾಹನಗಳ ಆಸಕ್ತರು, ಸಂಗ್ರಾಹಕರು, ಪತ್ರಾಗಾರಗಳ ಸಿಬ್ಬಂದಿ ಮತ್ತು ಸ್ಥಳೀಯ ಇತಿಹಾಸದ ಸಂಶೋಧಕರು ಈ ಕ್ರಮವನ್ನು ಬಳಸುತ್ತಾರೆ. ದಿನಾಂಕವಿಲ್ಲದ ಚಿತ್ರದ ಕಾಲವನ್ನು ಅಂದಾಜು ಮಾಡುವುದು, ವಾಹನದ ನೈಜತೆಯನ್ನು ಪರಿಶೀಲಿಸುವುದು ಮತ್ತು ಪುನಶ್ಚೇತನ ಕಾರ್ಯಕ್ಕೆ ಮೂಲ ಸ್ವರೂಪವನ್ನು ತಿಳಿಯುವುದು ಇದರ ಮುಖ್ಯ ಉದ್ದೇಶಗಳು.

ಮೂಲ ತತ್ತ್ವ

ವಾಹನವು ತಯಾರಾಗುವ ಮೊದಲು ಅದರ ಚಿತ್ರವನ್ನು ತೆಗೆಯಲು ಸಾಧ್ಯವಿಲ್ಲ. ಆದ್ದರಿಂದ ಚಿತ್ರದಲ್ಲಿರುವ ವಾಹನಗಳಲ್ಲಿ ಅತ್ಯಂತ ಹೊಸದು ಯಾವುದೋ ಅದರ ತಯಾರಿಕೆಯ ವರ್ಷವೇ ಚಿತ್ರದ ಕಾಲದ ಕೆಳಮಿತಿಯಾಗುತ್ತದೆ. ಮೇಲ್ಮಿತಿಯನ್ನು ವಾಹನದಿಂದ ಮಾತ್ರ ನಿರ್ಧರಿಸಲಾಗದು; ಒಂದೇ ಕಾರು ಹಲವು ದಶಕ ರಸ್ತೆಯಲ್ಲಿ ಇರಬಹುದು. ಹಾಗಾಗಿ ನೋಂದಣಿ ಫಲಕ, ಅಂಗಡಿಗಳ ಹೆಸರು, ಉಡುಪು, ರಸ್ತೆ ಫಲಕ ಮೊದಲಾದ ಇತರ ಸಾಕ್ಷ್ಯಗಳನ್ನೂ ಜೊತೆಗೆ ಪರಿಗಣಿಸಲಾಗುತ್ತದೆ.

ಗಮನಿಸುವ ಲಕ್ಷಣಗಳು

ಮುಂಭಾಗದ ಜಾಲರಿ ಮತ್ತು ರೇಡಿಯೇಟರ್: ಎರಡನೆಯ ಮಹಾಯುದ್ಧಕ್ಕೆ ಮೊದಲು ದುಬಾರಿ ಕಾರುಗಳ ತಯಾರಕರು ಅನೇಕ ವೇಳೆ ಚಾಸಿಯನ್ನು ಮಾತ್ರ ಮಾರುತ್ತಿದ್ದರು, ಮೇಲ್ಕವಚವನ್ನು ಬೇರೆ ಸಂಸ್ಥೆಗಳು ಗ್ರಾಹಕರ ಇಚ್ಛೆಯಂತೆ ಕಟ್ಟಿಕೊಡುತ್ತಿದ್ದವು. ಇಂತಹ ಕಾರುಗಳಲ್ಲಿ ಒಟ್ಟಾರೆ ಆಕಾರಕ್ಕಿಂತ ರೇಡಿಯೇಟರ್‌ನ ಆಕಾರವೇ ತಯಾರಕರ ಗುರುತು. ಬುಗಾಟಿಯ ಕುದುರೆಲಾಳದ ಆಕಾರ ಮತ್ತು ರೋಲ್ಸ್-ರಾಯ್ಸ್‌ನ ದೇವಾಲಯದ ಮುಖಮಂಟಪವನ್ನು ಹೋಲುವ ರೇಡಿಯೇಟರ್ ಇದಕ್ಕೆ ಉದಾಹರಣೆಗಳು. ಬಿಎಂಡಬ್ಲ್ಯು ಕಾರುಗಳ ಜೋಡಿ ಮೂತ್ರಪಿಂಡದ ಆಕಾರದ ಜಾಲರಿ 1933ರ 303 ಮಾದರಿಯಿಂದ ಆರಂಭವಾಯಿತು.

ದೀಪಗಳು: ಅಸಿಟಿಲೀನ್ ದೀಪಗಳು ಇಪ್ಪತ್ತನೆಯ ಶತಮಾನದ ಆರಂಭದ ಕಾರುಗಳನ್ನು ಸೂಚಿಸುತ್ತವೆ. ಅಮೆರಿಕದ ಕಾರುಗಳಲ್ಲಿ ನಾಲ್ಕು ಮುಂದೀಪಗಳ ವಿನ್ಯಾಸ 1958ರ ಮಾದರಿಗಳಿಂದ ವ್ಯಾಪಕವಾಯಿತು. ಅಲ್ಲಿ 1968ರಿಂದ ಪಾರ್ಶ್ವ ಸೂಚಕ ದೀಪಗಳು ಅಥವಾ ಪ್ರತಿಫಲಕಗಳು, 1986ರ ಮಾದರಿಗಳಿಂದ ಕಾರುಗಳಿಗೆ ಎತ್ತರದಲ್ಲಿರುವ ಮೂರನೆಯ ಬ್ರೇಕ್ ದೀಪ ಕಡ್ಡಾಯವಾದವು.

ಗಾಜು, ಚಕ್ರ ಮತ್ತು ಬ್ರೇಕು: ಎರಡು ತುಂಡಿನ ಮುಂಗಾಜು, ಪಕ್ಕದ ಮೆಟ್ಟಿಲು, ಮರದ ಅಥವಾ ತಂತಿಯ ಅರಗಳು ಹಳೆಯ ವಿನ್ಯಾಸದ ಚಿಹ್ನೆಗಳು. ನಾಲ್ಕೂ ಚಕ್ರಗಳಿಗೆ ಬ್ರೇಕು ಬಳಕೆಗೆ ಬಂದದ್ದು ಮುಖ್ಯವಾಗಿ 1920ರ ದಶಕದಲ್ಲಿ. ಮುಂಚಕ್ರದ ಒಳಗೆ ಬ್ರೇಕ್ ಡ್ರಮ್ ಕಾಣದಿದ್ದರೆ ವಾಹನ ಅದಕ್ಕೂ ಹಿಂದಿನ ವಿನ್ಯಾಸದ್ದಾಗಿರುವ ಸಾಧ್ಯತೆ ಹೆಚ್ಚು. ಚಕ್ರದ ಬೋಲ್ಟ್‌ಗಳ ಸಂಖ್ಯೆಯೂ ನೆರವಾಗುತ್ತದೆ: ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಕಾರಿನ ಪ್ರತಿ ಚಕ್ರಕ್ಕೆ ಮೂರೇ ಬೋಲ್ಟ್‌ಗಳಿವೆ.

ವರ್ಷ ನಿರ್ಣಯದ ಉದಾಹರಣೆಗಳು

ಫೋರ್ಡ್ ಮಾಡೆಲ್ ಟಿ: 1908ರಿಂದ 1927ರವರೆಗೆ 1.5 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕಾರಿನ 1916ರವರೆಗಿನ ಮಾದರಿಗಳಲ್ಲಿ ಹೊಳೆಯುವ ಹಿತ್ತಾಳೆಯ ರೇಡಿಯೇಟರ್ ಕವಚವಿತ್ತು. 1917ರ ಮಾದರಿಯಿಂದ ಕಪ್ಪು ಬಣ್ಣದ ಉಕ್ಕಿನ ಕವಚ ಬಂದಿತು. ಕಪ್ಪು ಬಣ್ಣವೊಂದೇ ಲಭ್ಯವಿದ್ದದ್ದು 1914ರಿಂದ 1925ರವರೆಗೆ ಮಾತ್ರ.

ಫೋಕ್ಸ್‌ವ್ಯಾಗನ್ ಬೀಟಲ್: ಹೊರನೋಟ ದಶಕಗಳ ಕಾಲ ಹೆಚ್ಚು ಬದಲಾಗದ ಈ ಕಾರಿನ ವರ್ಷವನ್ನು ಹಿಂಗಾಜಿನಿಂದ ತಿಳಿಯಬಹುದು. 1953ರ ಮಾರ್ಚ್‌ವರೆಗೆ ಎರಡು ಭಾಗದ ಗಾಜು, ಅಲ್ಲಿಂದ 1957ರವರೆಗೆ ಅಂಡಾಕಾರದ ಗಾಜು, 1958ರ ಮಾದರಿಯಿಂದ ದೊಡ್ಡ ಆಯತಾಕಾರದ ಗಾಜು ಕಂಡುಬರುತ್ತದೆ.

ಜೀಪು: ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನ ಆರಂಭದ ವಾಹನಗಳಲ್ಲಿ ಬೆಸುಗೆ ಹಾಕಿದ ಉಕ್ಕಿನ ಪಟ್ಟಿಗಳ ಜಾಲರಿಯೂ, ನಂತರದವುಗಳಲ್ಲಿ ಒಂಬತ್ತು ಸೀಳುಗಳ ಅಚ್ಚೊತ್ತಿದ ಜಾಲರಿಯೂ ಇವೆ. ಯುದ್ಧಾನಂತರದ ನಾಗರಿಕ ಮಾದರಿ ಸಿಜೆ-2ಎಯಲ್ಲಿ ಏಳು ಸೀಳುಗಳು, ದೊಡ್ಡ ಮುಂದೀಪಗಳು ಮತ್ತು ಹಿಂಬದಿ ತೆರೆಯುವ ಹಲಗೆ ಇವೆ. ಎತ್ತರದ ಬಾನೆಟ್ಟಿನ ಸಿಜೆ-3ಬಿ 1953ರಲ್ಲಿ ಬಂದ ಮಾದರಿ. ಮಹೀಂದ್ರ ಸಂಸ್ಥೆ ಇದನ್ನು ಭಾರತದಲ್ಲಿ ದೀರ್ಘಕಾಲ ತಯಾರಿಸಿತು. ಆದ್ದರಿಂದ ಎತ್ತರದ ಬಾನೆಟ್ಟಿನ ಜೀಪು ಇರುವ ಚಿತ್ರ ಸ್ವಾತಂತ್ರ್ಯ ಬಂದ ವರ್ಷದ್ದಾಗಿರಲು ಸಾಧ್ಯವಿಲ್ಲ.

ಒಂದೇ ಆಕಾರ, ಹಲವು ಹೆಸರು

ಒಂದೇ ವಾಹನವನ್ನು ಬೇರೆ ಬೇರೆ ಹೆಸರುಗಳಲ್ಲಿ ಮಾರುವ ಪದ್ಧತಿಯಿಂದ ತಪ್ಪು ಗುರುತಿಸುವಿಕೆ ಹೆಚ್ಚಾಗಿ ಉಂಟಾಗುತ್ತದೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ 1950ರ ದಶಕದ ಕೊನೆಯಲ್ಲಿ ಒಂದೇ ಮೂಲ ವಿನ್ಯಾಸವನ್ನು ಆಸ್ಟಿನ್, ಮಾರಿಸ್, ಎಂಜಿ, ರೈಲಿ ಮತ್ತು ವೂಲ್ಸ್‌ಲಿ ಎಂಬ ಐದು ಹೆಸರುಗಳಲ್ಲಿ ಮಾರಿತು. ಇವುಗಳನ್ನು ಮುಖ್ಯವಾಗಿ ಜಾಲರಿಯಿಂದ ಪ್ರತ್ಯೇಕಿಸಬಹುದು. ಇಟಲಿಯ ಫಿಯೆಟ್ 124ರ ಆಧಾರದಿಂದ ಸೋವಿಯತ್ ಒಕ್ಕೂಟದಲ್ಲಿ ವಾಜ್-2101 ತಯಾರಾಯಿತು. ಬ್ರಿಟನ್ನಿನ ಹಿಲ್ಮನ್ ಹಂಟರ್ ಇರಾನಿನಲ್ಲಿ ಪೈಕಾನ್ ಆಯಿತು.

ಭಾರತದ ವಾಹನಗಳು

ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯ ಲ್ಯಾಂಡ್‌ಮಾಸ್ಟರ್ ಮಾರಿಸ್ ಆಕ್ಸ್‌ಫರ್ಡ್‌ನ ಎರಡನೆಯ ಸರಣಿಯನ್ನೂ, 1957ರಲ್ಲಿ ಬಂದ ಅಂಬಾಸಿಡರ್ ಮೂರನೆಯ ಸರಣಿಯನ್ನೂ ಆಧರಿಸಿವೆ. ಎರಡರ ಮಧ್ಯಭಾಗ ಒಂದೇ ರೀತಿ ಕಾಣುತ್ತದೆ. ಲ್ಯಾಂಡ್‌ಮಾಸ್ಟರ್‌ನ ಹಿಂಬದಿ ಗುಂಡಗಿದ್ದರೆ ಅಂಬಾಸಿಡರ್‌ನ ಹಿಂಬದಿಯಲ್ಲಿ ಸಣ್ಣ ರೆಕ್ಕೆಯಂತಹ ಏರು ಇದೆ. ಅಂಬಾಸಿಡರ್ ತಯಾರಿಕೆ 2014ರವರೆಗೆ ನಡೆದ ಕಾರಣ ಅದರ ಕಾಲ ನಿರ್ಣಯಕ್ಕೆ ಜಾಲರಿ, ಸೂಚಕ ದೀಪ ಮತ್ತು ಬಂಪರ್‌ಗಳ ಬದಲಾವಣೆಯನ್ನೇ ಅವಲಂಬಿಸಬೇಕಾಗುತ್ತದೆ. ಪ್ರೀಮಿಯರ್ ಸಂಸ್ಥೆಯ ಫಿಯೆಟ್ 1100 ಆಧಾರಿತ ಕಾರಿಗೆ ‘ಪದ್ಮಿನಿ’ ಎಂಬ ಹೆಸರು ಬಂದದ್ದು 1974ರಲ್ಲಿ. ಅದಕ್ಕೆ ಹಿಂದಿನ ಚಿತ್ರಗಳ ವಿವರಣೆಯಲ್ಲಿ ಈ ಹೆಸರನ್ನು ಬಳಸುವುದು ಕಾಲದೋಷವಾಗುತ್ತದೆ.

ಲಾರಿಗಳ ವಿಷಯ ಇನ್ನಷ್ಟು ಜಟಿಲ. ಭಾರತದಲ್ಲಿ ಲಾರಿ ಮತ್ತು ಬಸ್ಸುಗಳ ಚಾಸಿಯನ್ನು ಮುಂಭಾಗದೊಡನೆ ಖರೀದಿಸಿ, ಚಾಲಕರ ಕೋಣೆ ಮತ್ತು ಹಿಂಭಾಗವನ್ನು ಸ್ಥಳೀಯವಾಗಿ ಕಟ್ಟಿಸುವ ಪದ್ಧತಿ ವ್ಯಾಪಕವಾಗಿತ್ತು. ಆದ್ದರಿಂದ ಮೂತಿಯ ಆಕಾರ ಮತ್ತು ಲಾಂಛನವೇ ಮುಖ್ಯ ಆಧಾರ. ಟೆಲ್ಕೊ ಸಂಸ್ಥೆ 1954ರಲ್ಲಿ ಡೈಮ್ಲರ್-ಬೆಂಜ್‌ನೊಡನೆ ಮಾಡಿಕೊಂಡ ಒಪ್ಪಂದದಂತೆ ಜಮ್‌ಶೆಡ್‌ಪುರದಲ್ಲಿ ತಯಾರಾದ ಲಾರಿಗಳು ಮೂರು ಮೊನೆಯ ನಕ್ಷತ್ರವನ್ನು ಧರಿಸಿದ್ದವು. 1969ರಲ್ಲಿ ಒಪ್ಪಂದ ಮುಗಿದ ಬಳಿಕ ಅದೇ ಬಗೆಯ ಲಾರಿಗಳ ಮೇಲೆ ಟಾಟಾ ಲಾಂಛನ ಬಂದಿತು. ಪ್ರೀಮಿಯರ್ ಸಂಸ್ಥೆಯ ಲಾರಿಗಳಂತೂ ಡಾಡ್ಜ್, ಫಾರ್ಗೊ ಮತ್ತು ಡಿಸೋಟೊ ಎಂಬ ಕ್ರೈಸ್ಲರ್ ಹೆಸರುಗಳಲ್ಲಿ ಕಂಡುಬರುತ್ತವೆ.

ನೋಂದಣಿ ಫಲಕವೂ ಮಹತ್ತ್ವದ ಸಾಕ್ಷ್ಯ. ಮೈಸೂರು ರಾಜ್ಯದ ವಾಹನಗಳಲ್ಲಿ ‘ಎಂವೈ’ಯಿಂದ ಆರಂಭವಾಗುವ ಅಕ್ಷರಗಳಿದ್ದವು. ‘ಕೆಎ’ ಸಂಕೇತವು 1988ರ ಮೋಟಾರು ವಾಹನಗಳ ಕಾಯ್ದೆ 1989ರಲ್ಲಿ ಜಾರಿಗೆ ಬಂದ ನಂತರದ ವ್ಯವಸ್ಥೆಗೆ ಸೇರಿದೆ. ಆದರೆ ಫಲಕವು ನೋಂದಣಿಯ ಕಾಲವನ್ನು ಹೇಳುತ್ತದೆಯೇ ಹೊರತು ತಯಾರಿಕೆಯ ಕಾಲವನ್ನಲ್ಲ.

ಮಹತ್ತ್ವ

ವರ್ಷ ನಿರ್ಣಯಕ್ಕೆ ವಾಸ್ತವಿಕ ಪರಿಣಾಮಗಳಿವೆ. ಲಂಡನ್-ಬ್ರೈಟನ್ ಹಳೆಯ ಕಾರುಗಳ ಓಟದಲ್ಲಿ 1905ರ ಜನವರಿ 1ಕ್ಕೆ ಮೊದಲು ತಯಾರಾದ ವಾಹನಗಳಿಗೆ ಪ್ರವೇಶವಿದೆ. 1930ರಲ್ಲಿ ಸ್ಥಾಪನೆಯಾದ ಗ್ರೇಟ್ ಬ್ರಿಟನ್ನಿನ ವೆಟರನ್ ಕಾರ್ ಕ್ಲಬ್ ಇಂತಹ ವಾಹನಗಳ ವಯಸ್ಸನ್ನು ಪರಿಶೀಲಿಸಿ ಪ್ರಮಾಣಪತ್ರ ನೀಡುತ್ತದೆ. ಭಾರತದಲ್ಲಿ 2021ರ ನಿಯಮಗಳಂತೆ 50 ವರ್ಷಕ್ಕಿಂತ ಹಳೆಯದಾದ, ಮೂಲ ಸ್ವರೂಪವನ್ನು ಉಳಿಸಿಕೊಂಡಿರುವ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ದೊರೆಯುತ್ತದೆ. ಮೂಲ ಸ್ವರೂಪ ಹೇಗಿತ್ತೆಂಬುದಕ್ಕೆ ಹಳೆಯ ಛಾಯಾಚಿತ್ರಗಳು ಉತ್ತಮ ಪುರಾವೆ. ಕುಟುಂಬದ ಆಲ್ಬಮ್ಮುಗಳಲ್ಲಿ ಬರಹವಿಲ್ಲದ ಚಿತ್ರಗಳ ಕಾಲ ತಿಳಿಯಲು, ಅದರಲ್ಲಿರುವವರು ಯಾರೆಂದು ಊಹಿಸಲು ಕೆಲವೊಮ್ಮೆ ಹಿನ್ನೆಲೆಯಲ್ಲಿ ನಿಂತಿರುವ ಕಾರೊಂದೇ ಆಧಾರವಾಗಿ ಉಳಿದಿರುತ್ತದೆ.

ಮಿತಿಗಳು

ಹಳೆಯ ಆರ್ಥೋಕ್ರೋಮ್ಯಾಟಿಕ್ ಫಿಲ್ಮ್ ಕೆಂಪು ಬಣ್ಣವನ್ನು ಕಪ್ಪಾಗಿ ತೋರಿಸುತ್ತದೆ. ಆದ್ದರಿಂದ ಕಪ್ಪು-ಬಿಳುಪು ಚಿತ್ರದಿಂದ ಬಣ್ಣವನ್ನು ನಿರ್ಧರಿಸುವುದು ಅಪಾಯಕರ. ಚಿತ್ರವನ್ನು ತಿರುಗುಮುರುಗಾಗಿ ಮುದ್ರಿಸಿದ್ದರೆ ಸ್ಟಿಯರಿಂಗ್ ಇರುವ ಬದಿ ದಾರಿ ತಪ್ಪಿಸುತ್ತದೆ. ಅಕ್ಷರಗಳನ್ನು ಓದಿ ಇದನ್ನು ಖಚಿತಪಡಿಸಿಕೊಳ್ಳಬೇಕು. ಅನೇಕ ಹಳೆಯ ಬೆಂಟ್ಲಿ ಕಾರುಗಳ ಮುಚ್ಚಿದ ಮೇಲ್ಕವಚವನ್ನು ತೆಗೆದು ತೆರೆದ ಟೂರರ್ ಕವಚವನ್ನು ಕೂರಿಸಲಾಗಿದೆ. ಇಂತಹ ಕಾರಿನ ಇಂದಿನ ಚಿತ್ರ ಅದರ ಮೊದಲ ರೂಪಕ್ಕೆ ಸಾಕ್ಷಿಯಲ್ಲ. ಅಂತಿಮ ನಿರ್ಣಯಕ್ಕೆ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಕಾರ್ಖಾನೆಯ ದಾಖಲೆಗಳು ಬೇಕಾಗುತ್ತವೆ. 17 ಅಕ್ಷರಾಂಕಗಳ ಏಕರೂಪ ಗುರುತು ಸಂಖ್ಯೆ ಅಮೆರಿಕದಲ್ಲಿ 1981ರ ಮಾದರಿಗಳಿಂದ ಜಾರಿಗೆ ಬಂದುದರಿಂದ, ಅದಕ್ಕಿಂತ ಹಳೆಯ ವಾಹನಗಳ ಸಂಖ್ಯೆಗಳನ್ನು ಆಯಾ ತಯಾರಕರ ಪದ್ಧತಿಯಂತೆಯೇ ಅರ್ಥೈಸಬೇಕು.

ಕರ್ನಾಟಕದಲ್ಲಿ ಸಂಗ್ರಹಗಳು

ಹಳೆಯ ವಾಹನಗಳನ್ನು ಪ್ರತ್ಯಕ್ಷವಾಗಿ ನೋಡಿ ಹೋಲಿಸಲು ವಸ್ತುಸಂಗ್ರಹಾಲಯಗಳು ಉಪಯುಕ್ತ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿಯಿರುವ ‘ಪಯಣ’ ಕಾರು ಸಂಗ್ರಹಾಲಯಗಳಲ್ಲಿ ಇಂತಹ ವಾಹನಗಳನ್ನು ಪ್ರದರ್ಶಿಸಲಾಗಿದೆ.