ಕದಲೀವಂಶವೂ ಕಮಲಾಪುರದ ಕೆಂಬಾಳೆಯೂ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಮಾರ್ಗದಲ್ಲಿರುವ ಕಮಲಾಪುರವು ಕೆಂಬಾಳೆಗೆ ಹೆಸರಾದ ಊರು. ಬೇಸಗೆಯಲ್ಲಿ ೪೦ ಅಂಶಗಳನ್ನು ಮೀರುವ ಬಿಸಿಲುಳ್ಳ, ಜೋಳ ತೊಗರಿಗಳ ಈ ಸೀಮೆಯಲ್ಲಿ, ನೀರನ್ನೂ ತಂಪನ್ನೂ ಬಯಸುವ ಬಾಳೆಯು ನೆಲೆಗೊಂಡುದು ವಿಚಾರಾರ್ಹವಾದ ಸಂಗತಿಯೇ ಸರಿ. ಈ ಗಿಡವು ಈ ನೆಲದ್ದೋ ಹೊರಗಿನಿಂದ ಬಂದುದೋ? ಶಬ್ದಗಳು ಹೇಳುವ ಇತಿಹಾಸವೂ ಸಸ್ಯಶಾಸ್ತ್ರವು ಹೇಳುವ ಇತಿಹಾಸವೂ ಒಂದನ್ನೊಂದು ಒಪ್ಪುವುವೋ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಿದೆ.

ಮೊದಲು ಶಬ್ದವಿಚಾರ. ಅಮರಸಿಂಹನು ವನೌಷಧಿವರ್ಗದಲ್ಲಿ ಬಾಳೆಗೆ ಹೇಳಿದ ಪರ್ಯಾಯಗಳಲ್ಲಿ ಮೋಚಾ, ರಂಭಾ, ಕದಲೀ ಎಂಬುವು ಸೇರಿವೆಯೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಕದಲಿಯು ಕನ್ನಡದಲ್ಲಿ ಕದಳಿಯಾಯಿತು. ಹಿಂದಿಯಲ್ಲಿ ಕೇಲಾ ಆಯಿತು. ಮೋಚಾ ಎಂಬುದು ವಂಗದೇಶದಲ್ಲಿ ಇಂದಿಗೂ ಬಾಳೆಯ ಹೂವಿಗೆ ಹೆಸರಾಗಿದೆ. ಅರಬರ ಮೌಜ್ ಎಂಬ ಶಬ್ದವು ಪಾರಸಿಯ ಮೂಲಕ ಈ ಮೋಚಾದಿಂದಲೇ ಹುಟ್ಟಿರಬೇಕೆಂದು ಅನೇಕ ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ. ಲಿನ್ನೇಯಸನು ೧೭೫೩ರಲ್ಲಿ ಬಾಳೆಯ ಜಾತಿಗೆ ಸ್ಥಿರಪಡಿಸಿದ ಮೂಸಾ ಎಂಬ ಹೆಸರಿಗೆ ಈ ಮೌಜ್ ಮೂಲವೆಂಬುದು ಒಂದು ಪಕ್ಷ. ರೋಮದ ಆಗಸ್ಟಸ್ ಚಕ್ರವರ್ತಿಯ ವೈದ್ಯನಾದ ಮೂಸನ ಹೆಸರೆಂಬುದು ಇನ್ನೊಂದು ಪಕ್ಷ. ಹೈದರಾಬಾದು ಸೀಮೆಯ ಉರ್ದುವಿನಲ್ಲಿ ಬಾಳೆಯ ಹಣ್ಣಿಗೆ ಮೌಜ್ ಎಂದೇ ಹೇಳುವರು. ೧೯೪೮ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಲಬುರಗಿಗೆ ಈ ಶಬ್ದವು ಅಪರಿಚಿತವಲ್ಲ. ಮೊದಲನೆಯ ಪಕ್ಷವು ನಿಜವಾದಲ್ಲಿ, ಭರತಖಂಡದಿಂದ ಹೊರಟ ಶಬ್ದವೊಂದು ಅರಬರ ನಾಡನ್ನು ಸುತ್ತಿ ಮರಳಿ ಇಲ್ಲಿಗೆ ಬಂದಂತಾಯಿತು.

ಕನ್ನಡದ ಬಾಳೆಯಾದರೋ ಇವುಗಳಿಗಿಂತ ಬೇರೆ. ಹಳಗನ್ನಡದ ಬಾೞೆ, ತಮಿಳಿನ ವಾೞೈ, ಮಲೆಯಾಳದ ವಾೞ ಇವು ಒಂದೇ ದ್ರಾವಿಡ ಮೂಲದವು. ೧೬೭೮ರಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಪ್ರಥಮ ಸಂಪುಟದಲ್ಲಿ ಬಾಳೆಯು ಬಾಲಾ ಎಂಬ ದೇಶ್ಯನಾಮದಿಂದಲೇ ವರ್ಣಿತವಾಗಿದೆ. ಇಷ್ಟರಿಂದ ದಕ್ಷಿಣದ ಜನರಿಗೆ ಬಾಳೆಯ ಪರಿಚಯವು ಅತಿ ಪ್ರಾಚೀನವೆಂದು ಸಿದ್ಧವಾಗುತ್ತದೆ. ಆದರೆ ಶಬ್ದವು ಪರಿಚಯಕ್ಕೆ ಸಾಕ್ಷಿಯೇ ಹೊರತು ಹುಟ್ಟಿಗೆ ಸಾಕ್ಷಿಯಾಗಲಾರದು.

ಇನ್ನು ಸಸ್ಯವಿಚಾರ. ಕದಲೀವಂಶದಲ್ಲಿ ಮೂಸಾ, ಎನ್ಸೆಟೆ, ಮುಸೆಲ್ಲಾ ಎಂದು ಮೂರು ಜಾತಿಗಳುಂಟು. ಲೋಕವು ಬಾಳೆಯ ಮರವೆಂದರೂ ಅದು ಮರವಲ್ಲ, ದೊಡ್ಡದೊಂದು ಮೂಲಿಕೆ. ಕಂಬದಂತೆ ಕಾಣುವುದು ಒಂದರೊಳಗೊಂದು ಸುತ್ತಿಕೊಂಡ ಪಟ್ಟೆಗಳ ಸಮೂಹ. ನಿಜವಾದ ಕಾಂಡವು ನೆಲದೊಳಗಿನ ಗೆಡ್ಡೆ. ಹೂವಾಡುವ ಕಾಲದಲ್ಲಿ ಅದರ ತುದಿಯೇ ಪಟ್ಟೆಗಳ ನಡುವೆ ಮೇಲೇರಿ ದಿಂಡಾಗಿ, ಹೊರಬಂದು ಬಾಗುತ್ತದೆ. ಮೊದಲು ಅರಳುವ ಸಾಲುಗಳ ಹೆಣ್ಣುಹೂಗಳು ಚಿಪ್ಪುಗಳಾಗುವುವು, ತುದಿಯಲ್ಲಿರುವುವು ಗಂಡುಹೂಗಳು. ಸಂಸಾರದ ನಿಸ್ಸಾರತೆಗೆ ಕದಲೀಸ್ತಂಭವನ್ನು ಉಪಮಾನವಾಗಿ ಹೇಳುವ ಸಂಸ್ಕೃತಕವಿಗಳ ಮಾತು ಇದರಿಂದ ಯುಕ್ತವೇ ಆಗುತ್ತದೆ. ಸುಲಿದಷ್ಟೂ ಪಟ್ಟೆಯೇ ಹೊರತು ಚೇಗು ದೊರೆಯದು. ಫಲವೇ ಕದಲಿಗೆ ಮೃತ್ಯುವೆಂಬ ಪ್ರಸಿದ್ಧಿಯೂ ಸತ್ಯವೇ. ಒಮ್ಮೆ ಗೊನೆ ಬಿಟ್ಟ ಗಿಡವು ಉಳಿಯದು. ಆದರೆ ಗೆಡ್ಡೆಯಿಂದ ಕಂದುಗಳು ಏಳುವುದರಿಂದ ಸಂತಾನವು ಕೆಡದು. ಉಪಮೆಯನ್ನು ಪಾಠ ಹೇಳುವ ಅಧ್ಯಾಪಕರು ಈ ಉತ್ತರಾರ್ಧವನ್ನೂ ಹೇಳುವುದು ಒಳ್ಳೆಯದು.

ತಿನ್ನುವ ಬಾಳೆಗಳಲ್ಲಿ ಬಹುಭಾಗವು ಅಕ್ಯುಮಿನಾಟಾ, ಬಾಲ್ಬಿಸಿಯಾನಾ ಎಂಬ ಎರಡು ಕಾಡುಬಾಳೆಗಳಿಂದ ಬಂದುದೆಂದು ೧೯೫೫ರಲ್ಲಿ ಸಿಮ್ಮಂಡ್ಸ್ ಮತ್ತು ಶೆಫರ್ಡ್ ಎಂಬ ವಿದ್ವಾಂಸರು ನಿರೂಪಿಸಿದರು. ಕೆಂಬಾಳೆಯಲ್ಲಿರುವುದು ಅಕ್ಯುಮಿನಾಟಾದ ಅಂಶವೊಂದೇ. ಅದು ಮೂರು ಪಟ್ಟಾಗಿ ಸೇರಿ ೩೩ ವರ್ಣತಂತುಗಳಾಗಿವೆ. ಇಂಥ ವಿಷಮಸಂಖ್ಯೆಯ ಗಿಡದಲ್ಲಿ ಬೀಜವು ಕಟ್ಟುವುದು ಅತಿ ವಿರಳ. ಪರಾಗಸ್ಪರ್ಶವಿಲ್ಲದೆಯೇ ಕಾಯಿ ಬಲಿಯುತ್ತದೆ. ನ್ಯೂಗಿನಿಯ ಕುಕ್ ಎಂಬಲ್ಲಿ ೬೫೦೦ ವರ್ಷಗಳ ಹಿಂದೆಯೇ ಬಾಳೆಯ ಕೃಷಿಯಿದ್ದುದಕ್ಕೆ ಕುರುಹುಗಳು ದೊರೆತಿವೆ. ಆದುದರಿಂದ ಕಮಲಾಪುರದ ಕೆಂಬಾಳೆಯು ವಂಶದಿಂದ ಆಗಂತುಕವೆಂದೂ ವಾಸದಿಂದ ದೇಶ್ಯವೆಂದೂ ಹೇಳುವುದೇ ನ್ಯಾಯ.

ಆ ವಾಸವಾದರೂ ಸುಲಭವಾದುದಲ್ಲ. ಬಿಸಿಗಾಳಿಯು ಬಾಳೆಯ ಎಲೆಯನ್ನು ಸೀಳಿ ಒಣಗಿಸುತ್ತದೆ. ಕಮಲಾಪುರದ ತಗ್ಗಿನ ಕೆಂಪುಮಣ್ಣೂ ಗಾಳಿಯ ಮರೆಯೂ ರೈತರು ಧಾರಾಳವಾಗಿ ಹಾಕುವ ಕೊಟ್ಟಿಗೆಗೊಬ್ಬರವೂ ಸೇರಿದುದರಿಂದ ಅಲ್ಲಿ ಕೆಂಬಾಳೆ ಬಾಳಿತು. ಗೊನೆ ಕೈಸೇರುವುದಕ್ಕೆ ಸುಮಾರು ೧೮ ತಿಂಗಳು ಬೇಕು. ಬೇಗ ಫಲಿಸುವ ಬಾಳೆಗಳಿರುವಾಗ ಇಷ್ಟು ಕಾಯುವ ರೈತನಿಗೆ ನಷ್ಟದ ಭಯವಿದ್ದೇ ಇದೆ.

೧೯೯೯ರ ಕಾಯಿದೆಯಂತೆ ಕಮಲಾಪುರದ ಕೆಂಬಾಳೆಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿದೆ. ಆದರೆ ಆ ರಕ್ಷಣೆಯು ಹೆಸರಿಗೆ; ಗಿಡಕ್ಕೆ ರಕ್ಷಣೆ ರೈತನ ಕೈಯಲ್ಲಿಯೇ ಇದೆ. ಕೆಂಬಾಳೆಯಂತೆಯೇ ಮೂರು ಪಟ್ಟಿನದಾಗಿ, ಲೋಕದ ವ್ಯಾಪಾರವನ್ನೆಲ್ಲ ಆಳುತ್ತಿದ್ದ ಗ್ರೋಮಿಷೆಲ್ ಬಾಳೆಯು ಮಣ್ಣಿನ ಬೂಷ್ಟುರೋಗದಿಂದ ೧೯೬೦ರ ಸುಮಾರಿಗೆ ಪೇಟೆಯಿಂದ ಮರೆಯಾದುದನ್ನು ನೆನೆಯಬೇಕು. ಬೀಜವಿಲ್ಲದ ಗಿಡಕ್ಕೆ ಕಂದೇ ಪರಂಪರೆ. ಕಂದಿನಿಂದ ಕಂದಿಗೆ ಬಂದ ಈ ಸಾಲು ಒಮ್ಮೆ ಕಡಿದರೆ, ಕೋಶದಲ್ಲಿ ಹೆಸರು ಉಳಿಯುವುದು, ತೋಟದಲ್ಲಿ ಗಿಡ ಉಳಿಯದು. ಆದುದರಿಂದ ಕಮಲಾಪುರದ ಬೆಳೆಗಾರರ ಅನುಭವವನ್ನೂ ಅವರು ಬಳಸುವ ಮಾತುಗಳನ್ನೂ ಈಗಲೇ ಸಂಗ್ರಹಿಸಿಡುವುದು, ನಿರೋಗಿಯಾದ ಕಂದುಗಳನ್ನು ಕಾಪಾಡುವುದು, ಇವೆರಡೂ ಒಂದೇ ಕಾರ್ಯದ ಎರಡು ಮುಖಗಳೆಂದು ತಿಳಿಯತಕ್ಕದ್ದು.