ಮಂಡ್ಯಕ್ಕೆ ಐದು ಕೀಲಿ: ಕನ್ನಡ ಕೀಬೋರ್ಡಿನ ಕತೆ

ಇವತ್ತು ಮೂರು ಊರಿನ ಹೆಸರಿಂದ ಶುರು ಮಾಡೋಣ: ಮಂಡ್ಯ, ಮದ್ದೂರು, ಮಳವಳ್ಳಿ. ನುಡಿ ಕೀಬೋರ್ಡಲ್ಲಿ ‘ಮಂಡ್ಯ’ ಬರೆಯೋಕೆ ಐದು ಕೀಲಿ ಸಾಕು. ಎಮ್, ಶಿಫ್ಟ್ ಹಿಡಿದು ಎಮ್, ಡಬ್ಲ್ಯೂ, ಎಫ್, ವೈ. ಮದ್ದೂರಿಗೆ ಏಳು, ಮಳವಳ್ಳಿಗೂ ಏಳು. ಕೀಲಿಗಳ ಮೇಲೆ ಅಚ್ಚಾಗಿರೋದು ಇಂಗ್ಲಿಷ್. ಹಾಗಾದ್ರೆ ಡಬ್ಲ್ಯೂ ಒತ್ತಿದ್ರೆ ‘ಡ’ ಬರಬೇಕು ಅಂತ ತೀರ್ಮಾನ ಮಾಡಿದ್ದು ಯಾರು?

ನಾನು ಬಿ.ಕಾಂ. ಓದಿದವನು, ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಕೀಲಿಗೆ ಅಕ್ಷರ ಗೊತ್ತಿಲ್ಲ. ಒತ್ತಿದಾಗ ಅದು ಒಂದು ನಂಬರ್ ಕಳಿಸುತ್ತೆ, ಅಷ್ಟೇ. ಕಂಪ್ಯೂಟರ್ ಒಳಗೆ ಎರಡು ಕಾಲಂನ ಲೆಡ್ಜರ್ ಇರುತ್ತೆ: ಎಡಕ್ಕೆ ಕೀಲಿಯ ನಂಬರ್, ಬಲಕ್ಕೆ ಅಕ್ಷರ. ಇದೇ ಕೀಮ್ಯಾಪ್. ಲೆಡ್ಜರ್ ಬದಲಾಯಿಸಿದ್ರೆ ಅದೇ ಕೀಬೋರ್ಡ್ ಬೇರೆ ಭಾಷೆ ಬರೆಯುತ್ತೆ.

1978ರಲ್ಲಿ ಅಮೆರಿಕದ ಡಿಇಸಿ ಕಂಪನಿ ‘ವಿಟಿ100’ ಅನ್ನೋ ಟರ್ಮಿನಲ್ ತಂತು. ಒಂದು ಪರದೆ, ಒಂದು ಕೀಬೋರ್ಡ್, ದೊಡ್ಡ ಕಂಪ್ಯೂಟರಿಗೆ ಹೋಗೋ ತಂತಿ. ಪರದೆಯಲ್ಲಿ ಮಾಮೂಲಿಯಾಗಿ 24 ಸಾಲು, ಸಾಲಿಗೆ 80 ಮನೆ, ಮನೆಗೊಂದು ಅಕ್ಷರ. ಇವತ್ತು ಲ್ಯಾಪ್‌ಟಾಪಲ್ಲಿ ನಾವು ತೆರೆಯೋ ಕಪ್ಪು ಕಿಟಕಿ ಇಂಥ ಯಂತ್ರಗಳ ಅನುಕರಣೆ. ಅದಕ್ಕೇ ಅದು ‘ಟರ್ಮಿನಲ್ ಎಮ್ಯುಲೇಟರ್’. ಇಂಗ್ಲಿಷಿಗೆ ಈ ಮನೆಗಳ ಲೆಕ್ಕ ಸರಿಹೋಗುತ್ತೆ. ಆದ್ರೆ ನಮ್ಮ ‘ಡ್ಯ’ ನೋಡಿ, ‘ಡ’ ಪಕ್ಕಕ್ಕೆ ಒತ್ತು ಬಂದು ಅಂಟಿಕೊಳ್ಳುತ್ತೆ. ಅದು ಎಷ್ಟು ಮನೆ?

1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ‘ಇನ್‌ಸ್ಕ್ರಿಪ್ಟ್’ ವಿನ್ಯಾಸ ತಂತು. ಹಿಂದಿಯ ‘ಕ’ ಇರೋ ಕೀಲಿಯಲ್ಲೇ ಕನ್ನಡದ ‘ಕ’, ತೆಲುಗಿನ ‘ಕ’. ಯೋಚನೆ ಚೆನ್ನಾಗಿದೆ. ಆದ್ರೆ ಇಂಗ್ಲಿಷ್ ಕೀಬೋರ್ಡಿಗೆ ಬೆರಳು ಒಗ್ಗಿದವರು ಎಲ್ಲವನ್ನೂ ಮತ್ತೆ ಕಲೀಬೇಕು.

ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಬೇರೆ ದಾರಿ ಹಿಡಿದರು. ಮುದ್ರಣ, ಅಕ್ಷರ ಜೋಡಣೆ ತಂತ್ರಜ್ಞಾನದಲ್ಲಿ ಪಳಗಿದವರು. ಅವರ ವಿನ್ಯಾಸದ ಲೆಕ್ಕ ಸರಳ. ಇಂಗ್ಲಿಷಲ್ಲಿ 26 ಅಕ್ಷರ, ಶಿಫ್ಟ್ ಸೇರಿದ್ರೆ 52. ನಮ್ಮ ವರ್ಣಮಾಲೆ 49. ಅಂದ್ರೆ ಜಾಗ ಇದೆ! ಸದ್ದಿಗೆ ಸದ್ದು ಕೂರಿಸಿದರು: ‘ಕೆ’ಗೆ ಕ, ಶಿಫ್ಟ್ ಕೊಟ್ಟರೆ ಖ. ‘ಡಿ’ ಕೀಲಿ ದ, ಧಗಳಿಗೆ ಹೋಯ್ತು. ‘ವಿ’ ವಕಾರಕ್ಕೆ ಹೋದ್ಮೇಲೆ ಡಬ್ಲ್ಯೂ ಖಾಲಿ ಉಳೀತು, ಅಲ್ಲಿಗೆ ಡ ಬಂತು. ವರ್ಣಮಾಲೆಯಲ್ಲಿ ‘ಎಫ್’ ಸದ್ದೇ ಇಲ್ಲ, ಆ ಕೀಲಿಗೆ ಒತ್ತಕ್ಷರ ಬೆಸೆಯೋ ಕೆಲಸ. ಸ್ವರದ ಕೀಲಿ ವ್ಯಂಜನದ ನಂತರ ಒತ್ತಿದ್ರೆ ತಾನಾಗೇ ಗುಣಿತ ಆಗುತ್ತೆ.

ಅವರು ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನ ಉಚಿತವಾಗಿ ಹಂಚಿದರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇದೇ ವಿನ್ಯಾಸ ಬಂತು, ರಾಜ್ಯ ಸರ್ಕಾರ ಇದನ್ನೇ ಅಧಿಕೃತ ಮಾಡಿತು. ಪರಿಷತ್ತಿನ ಹೆಸರಿಂದಲೇ ‘ಕಗಪ’ ಅನ್ನೋ ಹೆಸರು ನಿಂತಿತು.

ಒಂದೇ ಲೆಡ್ಜರ್ ಯಾಕೆ ಮುಖ್ಯ ಅಂತೀರಾ? ಫಾಂಟ್‌ಗಳ ಕತೆ ನೋಡಿ. ಯುನಿಕೋಡ್ ಬಳಕೆಗೆ ಬರೋ ಮುಂಚೆ ಒಂದೊಂದು ತಂತ್ರಾಂಶ ಅಕ್ಷರಗಳನ್ನ ತನ್ನದೇ ನಂಬರಲ್ಲಿ ಉಳಿಸ್ತಿತ್ತು. ಅಂಥ ಹಳೇ ಕಡತವನ್ನ ಆ ಫಾಂಟ್ ಇಲ್ಲದೆ ತೆರೆದ್ರೆ ಕಾಣೋದು ಬರೀ ಚಿತ್ರವಿಚಿತ್ರ ಚಿಹ್ನೆ. ಬೆರಳಿನ ಲೆಡ್ಜರ್ ಒಂದಾಯ್ತು, ಉಳಿಸೋ ಲೆಡ್ಜರ್ ಒಂದಾಗೋದು ತಡವಾಯ್ತು. ಆ ತಡಕ್ಕೆ ನಾವು ತೆತ್ತ ಬೆಲೆ ಓದೋಕಾಗದ ಪತ್ರಗಳು.

ಈಗ ಕಗಪ ಲಿನಕ್ಸ್ ಒಳಗೇ ಇದೆ. ಎಕ್ಸ್ ವ್ಯವಸ್ಥೆ ಇರೋ ಕಂಪ್ಯೂಟರಲ್ಲಿ ‘ಸೆಟ್‌ಎಕ್ಸ್‌ಕೆಬಿಮ್ಯಾಪ್’ ಅನ್ನೋ ಒಂದು ಸಾಲಿನ ಆಜ್ಞೆ ಸಾಕು: ಲೇಔಟ್ ‘ಇನ್’, ವೇರಿಯಂಟ್ ‘ಕನ್-ಕಗಪ’. ಒಂದು ಎಚ್ಚರಿಕೆ. ಕನ್ನಡ ಒಂದನ್ನೇ ಹಾಕಿದ್ರೆ ವಾಪಸ್ ಬರೋ ಆಜ್ಞೆ ಟೈಪ್ ಮಾಡೋಕಾಗಲ್ಲ, ಯಾಕಂದ್ರೆ ಆಜ್ಞೆ ಇರೋದು ಇಂಗ್ಲಿಷಲ್ಲಿ! ಅದಕ್ಕೇ ‘ಯುಎಸ್’, ‘ಇನ್’ ಎರಡನ್ನೂ ಜೊತೆಗೆ ಕೊಟ್ಟು, ಆಲ್ಟ್-ಶಿಫ್ಟ್ ಒತ್ತಿ ಬದಲಾಯಿಸೋ ಹಾಗೆ ಮಾಡ್ಕೊಳ್ಳಿ. ಇನ್ನೊಂದು ವಿಷಯ, ಈ ಪಟ್ಟಿಗೆ ಹಿಂದಿನ ಅಕ್ಷರದ ನೆನಪಿಲ್ಲ. ಸ್ವರ ತಾನಾಗೇ ಗುಣಿತ ಆಗಬೇಕಂದ್ರೆ ‘ಐಬಸ್’ನಂಥ ಇನ್‌ಪುಟ್ ಮೆಥಡ್ ಬೇಕು.

ಇಷ್ಟಾದ್ರೂ ಎಷ್ಟೋ ಟರ್ಮಿನಲ್‌ಗಳಲ್ಲಿ ‘ಮದ್ದೂರು’ ಒತ್ತು ಕಳಚಿಕೊಂಡೋ, ಮೇಲೆ ಮೇಲೆ ಬಿದ್ದೋ ಕಾಣುತ್ತೆ. ಬೆರಳಿಂದ ಕನ್ನಡ ಒಳಗೆ ಹೋಯ್ತು, ಆದ್ರೆ ಆ ಹಳೇ ಮನೆಗಳ ಲೆಕ್ಕ ಇನ್ನೂ ಬದಲಾಗಿಲ್ಲ. ಆ ತಂತ್ರಾಂಶಗಳಲ್ಲಿ ಎಷ್ಟೋ ಮುಕ್ತ, ಕೋಡ್ ಯಾರು ಬೇಕಾದ್ರೂ ತೆರೆದು ನೋಡಬಹುದು. ಕೇಳ್ತಿರೋ ನಿಮ್ಮಲ್ಲಿ ಕೋಡಿಂಗ್ ಕಲಿಯೋರಿಗೆ ಇದು ಬಾಕಿ ಉಳಿದಿರೋ ಕೆಲಸ. ಬೆರಳಿನ ಪಾಲಿನ ಕೆಲಸ ಕೆ.ಪಿ. ರಾವ್ ಮುಗಿಸಿಕೊಟ್ಟಿದ್ದಾರೆ, ಅದೂ ಬಿಡಿಗಾಸು ಕೇಳದೆ.